ಮೂರು ಬೆರಳಿನ ಲೆಕ್ಕ

“ಮೂರು ಬೆರಳು ಒಟ್ಟಿಗೆ ಹಿಡಿ. ಒಂದರ ಮೇಲೊಂದು ಬರುವ ಹಾಗೆ ಬಾಯೊಳಗೆ ಇಡು. ಹೋಗ್ತದಾ?”

ಶಾಲೆಯ ಜಗಲಿಯಲ್ಲಿ ಸಾಲಾಗಿ ನಿಂತು, ಬೆರಳು ಬಾಯಿಗಿಟ್ಟುಕೊಂಡೇ ನಾವು ತಲೆಯಾಡಿಸುತ್ತಿದ್ದೆವು. ಹೊರಗೆ ಆಟಿ ತಿಂಗಳ ಮಳೆ. ಹಲ್ಲಿನ ಡಾಕ್ಟ್ರು ಒಂದು ಕೈಯಲ್ಲಿ ಟಾರ್ಚು, ಇನ್ನೊಂದರಲ್ಲಿ ಪುಟ್ಟ ಕನ್ನಡಿ ಹಿಡಿದು ಒಬ್ಬೊಬ್ಬರ ಬಾಯಿ ಇಣುಕುತ್ತಾ ಬರುತ್ತಿದ್ದರು. ಕುದಿಸಿ ತಂದ ಕನ್ನಡಿಗಳು ಸ್ಟೀಲ್ ಡಬ್ಬಿಯಲ್ಲಿ. ನೋಡಿ ಮುಗಿದದ್ದು ಬಕೆಟಿಗೆ. ಮಲಯಾಳದ ಹುಡುಗನಾದರೆ “ವೇದನ ಉಂಡೋ”, ತುಳುವಿನವನಾದರೆ “ಬೇನೆ ಉಂಡಾ”, ಇಲ್ಲದಿದ್ದರೆ “ನೋವುಂಟಾ”. ಮುಖ ನೋಡಿಯೇ ಗೊತ್ತಾಗುತ್ತಿತ್ತೋ ಏನೋ, ಭಾಷೆ ತಪ್ಪಿದ್ದು ನಾನು ಕಂಡಿಲ್ಲ.

ನಮ್ಮ ಶಾಲೆಯಲ್ಲೇ ಕಲಿತವರು ಅವರು. ಮಂಗಳೂರಿನಲ್ಲಿ ಬಿ.ಡಿ.ಎಸ್. ಮುಗಿಸಿ, ಗಡಿಯಾಚೆ ಕೇರಳದ ಕಾಸರಗೋಡು ಜಿಲ್ಲೆಯಲ್ಲಿರುವ ನಮ್ಮ ಬದಿಯಡ್ಕಕ್ಕೆ ಬಂದು, ಒಂದು ಜವಳಿ ಅಂಗಡಿಯ ಮಾಳಿಗೆಯಲ್ಲಿ ಕುರ್ಚಿ ಹಾಕಿದರು. ಹೆಸರು ಬರೆಯುವುದು ಬೇಡ ಎಂದು ಮನೆಯವರು ಹೇಳಿದ್ದಾರೆ. ಬರೆಯದಿದ್ದರೂ ಓದುವವರಿಗೆ ಗೊತ್ತಾಗುತ್ತದೆ.

ನಾನು ಎಂಟನೆಯಲ್ಲಿದ್ದಾಗ ಅವರು ಒಂದು ಹೋಂವರ್ಕ್ ಕೊಟ್ಟರು. ಮನೆಯಲ್ಲಿ ಎಲೆಯಡಿಕೆ ಹಾಕುವವರ ಬಾಯಿಗೆ ಅವರದೇ ಬೆರಳು ಎಷ್ಟು ಹೋಗುತ್ತದೆಂದು ನೋಡಿ ಬರೆದು ತರಬೇಕು. ನನ್ನ ಪುಸ್ತಕದಲ್ಲಿ ಅಪ್ಪನಿಗೆ 3, ದೊಡ್ಡಪ್ಪನಿಗೆ 3, ಅಜ್ಜಿಗೆ 2. ಆ ಎರಡಕ್ಕೆ ಡಾಕ್ಟ್ರು ಕೆಂಪು ಶಾಯಿಯಲ್ಲಿ ಸುತ್ತು ಹಾಕಿ, “ಶನಿವಾರ ಕರ್ಕೊಂಡು ಬಾ” ಎಂದರು.

ನಾನು, ಅಮ್ಮ, ಅಜ್ಜಿ ಹೋದೆವು. ಡಾಕ್ಟ್ರು ಅಜ್ಜಿಯ ಕೆನ್ನೆಯ ಒಳಬದಿಗೆ ಬೆರಳಾಡಿಸಿ, ಅದೇ ಜಾಗವನ್ನು ನನಗೂ ಮುಟ್ಟಿಸಿದರು. ಮೆತ್ತಗಿರಬೇಕಾದಲ್ಲಿ ಹುರಿಹಗ್ಗ ಎಳೆದು ಕಟ್ಟಿದ ಹಾಗೆ ಗಟ್ಟಿ. ಅಡಿಕೆಯ ಅಂಶ ಸೇರಿ ಸೇರಿ ಒಳಚರ್ಮ ನಾರಾಗುವ ರೋಗ. ಬಾಯಿ ನಿಧಾನಕ್ಕೆ ಮುಚ್ಚಿಕೊಳ್ಳುತ್ತದೆ, ಕೆಲವರಲ್ಲಿ ಕ್ಯಾನ್ಸರಿಗೂ ತಿರುಗುತ್ತದೆ. ಆಮೇಲೆ ಅವರು ಕೇಳಿದ್ದು ಒಂದೇ: “ಅಜ್ಜೀ, ಖಾರ ತಿಂದರೆ ಬಾಯಿ ಉರೀತದಾ? ಎಷ್ಟು ವರ್ಷ ಆಯ್ತು?”

ಅಜ್ಜಿ ತಟ್ಟನೆ ಅಮ್ಮನ ಮುಖ ನೋಡಿದರು. ಸಾರಿಗೆ ಮೆಣಸು ಸುರಿಯುತ್ತಾಳೆ ಎಂದು ಐದಾರು ವರ್ಷಗಳಿಂದ ಮನೆಯಲ್ಲಿ ನಿತ್ಯ ರಾಮಾಯಣ. “ಅದು ಮೆಣಸಿನ ಉರಿ ಅಲ್ಲ, ಈ ರೋಗದ್ದೇ. ಮೊದಲು ಶುರುವಾಗುವುದೇ ಹಾಗೆ” ಎಂದರು ಡಾಕ್ಟ್ರು. ಅಜ್ಜಿ ಸೆರಗಿನಲ್ಲಿ ಬಾಯಿ ಒರೆಸಿಕೊಂಡರು. ವಾಪಸು ಬರುವಾಗ ಬಸ್ಸಿನಲ್ಲಿ ಅಮ್ಮ ನೀರ್ಚಾಲು ದಾಟುವವರೆಗೂ ಕಿಟಕಿಯ ಕಡೆ ಮುಖ ತಿರುಗಿಸಿಯೇ ಕುಳಿತಿದ್ದರು. ನಗುತ್ತಿದ್ದರೋ ಅಳುತ್ತಿದ್ದರೋ, ನಾನು ಕೇಳಲಿಲ್ಲ.

ಹೊಗೆಸೊಪ್ಪು ಬಿಟ್ಟರೆ ಸಾಕು, ಬರೀ ಅಡಿಕೆಯಿಂದ ಏನೂ ಆಗುವುದಿಲ್ಲ ಎಂಬುದು ನಮ್ಮೂರಿನ ನಂಬಿಕೆ. ಡಾಕ್ಟ್ರು ಒಪ್ಪುತ್ತಿರಲಿಲ್ಲ. 2004ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಹೊಗೆಸೊಪ್ಪಿಲ್ಲದ ಅಡಿಕೆಯನ್ನೂ ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿತು. ತೋಟದವರಿಗೆ ಸಿಟ್ಟು ಬಂತು. ಡಾಕ್ಟ್ರದ್ದೂ ಅಡಿಕೆ ತೋಟವೇ. “ಅಡಿಕೆಯ ಅನ್ನ ಉಂಡು ಅಡಿಕೆಗೇ ಬೈತಾರೆ” ಎಂಬ ಮಾತು ಅವರ ಕಿವಿಗೂ ಬಿತ್ತು. “ಬೆಳೀಬೇಡಿ ಅಂದೆನಾ? ಜಗಿಯಬೇಡಿ ಅಂದದ್ದು” ಎನ್ನುತ್ತಿದ್ದರು. ಈ ಉತ್ತರ ನನಗೆ ಇವತ್ತಿಗೂ ಪೂರ್ತಿ ಒಪ್ಪಿಗೆಯಿಲ್ಲ. ನಾವು ಮಾರಿದ್ದನ್ನು ಎಲ್ಲೋ ಯಾರೋ ಜಗಿಯುತ್ತಾರಲ್ಲ. ಒಮ್ಮೆ ಕೇಳಿಯೂಬಿಟ್ಟೆ. ಅವರು ನಕ್ಕು, “ನಿಮ್ಮಲ್ಲಿ ಮದ್ದು ಬಿಡಲಿಕ್ಕೆ ಜನ ಸಿಕ್ಕಿದರಾ?” ಎಂದು ಅಡಿಕೆಯ ಕೊಳೆರೋಗದ ಕಡೆಗೆ ಮಾತು ತಿರುಗಿಸಿದರು.

ಹತ್ತನೆಯಲ್ಲಿದ್ದಾಗ ಕಬಡ್ಡಿ ಆಡುವಾಗ ನನ್ನ ಪಕ್ಕದ ಬೆಂಚಿನವನ ಮುಂದಿನ ಹಲ್ಲು ಬೇರು ಸಮೇತ ಅಂಗಳಕ್ಕೆ ಬಿತ್ತು. ಡ್ರಿಲ್ ಮಾಷ್ಟ್ರು ಅದನ್ನು ಬೇರಿನ ಕಡೆ ಮುಟ್ಟದೆ ಎತ್ತಿ, ಎದುರಿನ ಹೋಟೆಲಿನಿಂದ ತಣ್ಣಗಿನ ಹಾಲು ತರಿಸಿ ಬುತ್ತಿಯ ಮುಚ್ಚಳದಲ್ಲಿ ಮುಳುಗಿಸಿದರು. ಜೀಪು ಹತ್ತಿ ಅರ್ಧ ಗಂಟೆಯೊಳಗೆ ಕ್ಲಿನಿಕ್. ಡಾಕ್ಟ್ರು ಹಲ್ಲನ್ನು ಅದರ ಗೂಡಿನಲ್ಲೇ ಕೂರಿಸಿ, ಪಕ್ಕದ ಹಲ್ಲುಗಳಿಗೆ ಸೇರಿಸಿ ತಂತಿ ಕಟ್ಟಿದರು. ಒಣಗಲು ಬಿಟ್ಟಿದ್ದರೆ ಬೇರಿನ ಮೇಲಿನ ಜೀವಕಣಗಳು ಸಾಯುತ್ತವೆ, ಮತ್ತೆ ಹಿಡಿಯುವುದು ಕಷ್ಟ. ಇದನ್ನೆಲ್ಲ ಅವರು ಆಟಿಯ ಶಿಬಿರದ ದಿನವೇ ಮಾಷ್ಟ್ರುಗಳಿಗೆ ಹೇಳಿಟ್ಟಿದ್ದರು.

ಭಾನುವಾರ ಕ್ಲಿನಿಕ್ಕಿಗೆ ರಜೆ. ಆದರೆ ಅವರು ಮನೆಯಲ್ಲಿ ಇರುತ್ತಿರಲಿಲ್ಲ. ಗೇರುತೋಟಗಳ ಮೇಲೆ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿದ ಎಣ್ಮಕಜೆ, ಪಡ್ರೆ ಕಡೆಯ ಮನೆಗಳಿಗೆ ಸ್ಕೂಟರಿನಲ್ಲಿ ಹೋಗುತ್ತಿದ್ದರು. ಕಾಲೇಜಿಗೆ ಹೋಗುವ ಕಾಲದಲ್ಲಿ ಎರಡು ಸಲ ನಾನೂ ಹಿಂದೆ ಕೂತು ಹೋಗಿದ್ದೇನೆ. ಹಾಸಿಗೆಯಲ್ಲೇ ಬೆಳೆದ ಒಬ್ಬ ಹುಡುಗನಿಗೆ ಫಿಟ್ಸ್ ಮಾತ್ರೆಯಿಂದ ವಸಡು ಊದಿ ಹಲ್ಲನ್ನೇ ಮುಚ್ಚಿತ್ತು. ಫೆನಿಟಾಯಿನ್ ಮಾತ್ರೆಗೆ ಆ ಗುಣ ಇದೆಯಂತೆ. ಡಾಕ್ಟ್ರು ಆ ತಾಯಿಯ ತೋರುಬೆರಳಿಗೆ ತೆಳ್ಳನೆ ಬಟ್ಟೆ ಸುತ್ತಿ, ಬೆರಳು ಕಚ್ಚಿಸಿಕೊಳ್ಳದೆ ವಸಡು ಒರೆಸುವುದು ಹೇಗೆಂದು ಅರ್ಧ ಗಂಟೆ ಕಲಿಸಿದರು. ಫೀಸಿನ ಮಾತೇ ಬರಲಿಲ್ಲ. ಹೊರಡುವಾಗ ಆಕೆ ಕೊಟ್ಟ ಒಂದು ಬಚ್ಚಂಗಾಯಿಯನ್ನು ನಾನು ಮಡಿಲಲ್ಲಿಟ್ಟುಕೊಂಡು ಬಂದೆ.

2020ರ ಮಾರ್ಚ್‌ನಲ್ಲಿ ಕೊರೊನಾ ಕಾರಣಕ್ಕೆ ಕರ್ನಾಟಕದ ಗಡಿಯ ರಸ್ತೆಗಳಿಗೆ ಮಣ್ಣು ಸುರಿದು ಮಂಗಳೂರಿನ ದಾರಿ ಮುಚ್ಚಿದಾಗ, ಅಲ್ಲಿ ಚಿಕಿತ್ಸೆ ಪಡೆಯುತ್ತಿದ್ದ ತಮ್ಮ ರೋಗಿಗಳ ಚೀಟಿಗಳನ್ನು ಹಿಡಿದು ಅವರು ಕಣ್ಣೂರಿನ ಡಾಕ್ಟರುಗಳಿಗೆ ಒಂದೊಂದಾಗಿ ಫೋನ್ ಮಾಡಿದರು. ಆಗ ಅವರಿಗೇ ಆರೋಗ್ಯ ಸರಿಯಿರಲಿಲ್ಲ. ಮತ್ತೆ ಕ್ಲಿನಿಕ್ ತೆರೆಯಲಿಲ್ಲ.

ಅಜ್ಜಿಯ ವಿಷಯ ಅರ್ಧಕ್ಕೇ ಬಿಟ್ಟೆ. ಐಸ್‌ಕ್ಯಾಂಡಿಯ ಕಡ್ಡಿಗಳನ್ನು ಒಂದರ ಮೇಲೊಂದಿಟ್ಟು ಹಲ್ಲುಗಳ ನಡುವೆ ಸಿಕ್ಕಿಸಿಕೊಳ್ಳಬೇಕು, ಸಡಿಲಾದಾಗ ಒಂದು ಕಡ್ಡಿ ಹೆಚ್ಚಿಸಬೇಕು ಎಂದು ಡಾಕ್ಟ್ರು ಹೇಳಿಕೊಟ್ಟಿದ್ದರು. ಕಡ್ಡಿ ಒಟ್ಟು ಮಾಡುವ ನೆಪದಲ್ಲಿ ಆ ಬೇಸಿಗೆ ನಾವು ಮಕ್ಕಳು ತಿಂದ ಕ್ಯಾಂಡಿಗೆ ಲೆಕ್ಕವಿಲ್ಲ. ಎಲೆಯಡಿಕೆ ಬಿಡಲು ಅಜ್ಜಿಗೆ ಒಂದು ವರ್ಷ ಹಿಡಿಯಿತು, ನಡುವೆ ಎರಡು ಸಲ ಕದ್ದು ಹಾಕಿ ಸಿಕ್ಕಿಬಿದ್ದರು. 12 ಕಡ್ಡಿಯಿಂದ ಶುರುವಾದದ್ದು 16ಕ್ಕೆ ನಿಂತಿತು. ಮೂರನೇ ಬೆರಳು ಕೊನೆಗೂ ಹೋಗಲಿಲ್ಲ. ನೂಲು ಸುತ್ತಿದ ಆ ಕಟ್ಟು ಅಜ್ಜಿಯ ಹಿತ್ತಾಳೆಯ ಎಲೆತಟ್ಟೆಯಲ್ಲಿ, ಸುಣ್ಣದ ಡಬ್ಬಿಯ ಪಕ್ಕ, ಈಗಲೂ ಇದೆ.