ಪಿಂಗ್ ದಾಟುತ್ತದೆ, ಕಡತ ದಾಟುವುದಿಲ್ಲ

14 ಮಾರ್ಚ್ 2024, ಗುರುವಾರ

ನಾಲ್ಕು ಸರ್ವರ್‌ಗಳ ಪುಟ್ಟ ಕ್ಲಸ್ಟರ್ ಇಂದು ಸಂಜೆ ಕೊನೆಗೂ ಪೂರ್ತಿಯಾಗಿ ಮೇಲೆದ್ದಿತು. ಮೂರು ನೋಡ್‌ಗಳು, ಅಂದರೆ ಅದರ ಮೂರು ಯಂತ್ರಗಳು, ನಿನ್ನೆಯೇ ಸೇರಿಕೊಂಡಿದ್ದವು. ನಾಲ್ಕನೆಯದು ಪಿಂಗ್‌ಗೆ (ಯಂತ್ರ ಸಂಪರ್ಕದಲ್ಲಿದೆಯೇ ಎಂದು ಕೇಳುವ ಸಂದೇಶ) ಒಂದು ಮಿಲಿಸೆಕೆಂಡಿನೊಳಗೆ ಉತ್ತರಿಸುತ್ತಿದ್ದರೂ, ದೂರದಿಂದ ಸುರಕ್ಷಿತವಾಗಿ ಲಾಗಿನ್ ಆಗುವ ಎಸ್‌ಎಸ್‌ಎಚ್ ಮೂಲಕ ಒಳಹೋಗಲು ಯತ್ನಿಸಿದರೆ ಗೂಢಲಿಪಿಯ ಕೀ ವಿನಿಮಯದ ಹಂತದಲ್ಲಿ ಹಾಗೆಯೇ ನಿಂತುಬಿಡುತ್ತಿತ್ತು. ದೋಷದ ಸಂದೇಶ ಬಂದಿದ್ದರೆ ಹಿಡಿದು ಹೊರಡಲು ಒಂದು ಎಳೆಯಾದರೂ ಸಿಗುತ್ತಿತ್ತು, ಅದೂ ಇರಲಿಲ್ಲ.

ಬೆಳಿಗ್ಗೆ ಕೇಬಲ್ ಬದಲಿಸಿದೆ, ಫೈರ್‌ವಾಲ್ ನಿಯಮಗಳನ್ನು ಮತ್ತೆ ಓದಿದೆ. ಹೆಸರುಗಳಿಗೆ ವಿಳಾಸ ಬರೆದಿಡುವ ಹೋಸ್ಟ್ಸ್ ಕಡತದಲ್ಲಿ ಯಂತ್ರದ ಹೆಸರಿನ ಮುಂದೆ 127.0.1.1 ಎಂದಿತ್ತು. ಡೆಬಿಯನ್ ಇನ್‌ಸ್ಟಾಲರ್ ಬರೆದಿಡುವ ಆ ಸಾಲಿನಿಂದ ಕ್ಲಸ್ಟರ್ ಸೇವೆಯು ಯಂತ್ರದ ಹೊರಗೆ ಹೋಗದ ಲೂಪ್‌ಬ್ಯಾಕ್ ವಿಳಾಸವನ್ನೇ ತನ್ನದೆಂದು ಹಿಡಿಯಬಹುದಾದ್ದರಿಂದ ಅದನ್ನು ತಿದ್ದಿದೆ. ತಿದ್ದಬೇಕಾದದ್ದೇ, ಆದರೆ ಇಂದಿನ ತೊಡಕು ಅದಾಗಿರಲಿಲ್ಲ.

ದಾರಿ ತೋರಿದ್ದು ಹೋಗಿಬರುವ ಪ್ಯಾಕೆಟ್‌ಗಳನ್ನು ತೋರಿಸುವ ಟಿಸಿಪಿಡಂಪ್. ಸಂಪರ್ಕ ಆರಂಭಿಸುವ ಹ್ಯಾಂಡ್‌ಶೇಕ್‌ನ ಮೂರು ಚಿಕ್ಕ ಪ್ಯಾಕೆಟ್‌ಗಳು ಸಲೀಸಾಗಿ ದಾಟಿದ್ದವು. ಅವುಗಳ ನಂತರದ ಮೊದಲ ದೊಡ್ಡ ಪ್ಯಾಕೆಟ್ ಮಾತ್ರ ಅದೇ ಸೀಕ್ವೆನ್ಸ್ ಸಂಖ್ಯೆಯನ್ನು ಹೊತ್ತು, ಪ್ರತಿ ಸಲವೂ ಹೆಚ್ಚುಕಡಿಮೆ ಇಮ್ಮಡಿ ಅಂತರ ಬಿಟ್ಟು, ಮತ್ತೆ ಮತ್ತೆ ಹೊರಡುತ್ತಿತ್ತು. ಆಚೆ ತುದಿಯ ಯಂತ್ರದಲ್ಲಿ ಅದರ ಸುಳಿವೇ ಇರಲಿಲ್ಲ.

ಸ್ಟೋರೇಜ್ ಕೆಲಸಕ್ಕೆಂದು ನಾಲ್ಕೂ ಯಂತ್ರಗಳ ನೆಟ್‌ವರ್ಕ್ ಕಾರ್ಡ್‌ಗಳಿಗೆ ನಾನೇ ಎಂಟಿಯು (ಒಂದು ಪ್ಯಾಕೆಟ್ಟಿನ ಗರಿಷ್ಠ ಗಾತ್ರ) 9000 ಬೈಟ್ ಕೊಟ್ಟಿದ್ದೆ. ಅದರಲ್ಲಿ ಐಪಿ ತಲೆಬರಹಕ್ಕೆ 20, ಪಿಂಗ್ ಬಳಸುವ ಐಸಿಎಂಪಿಯ ತಲೆಬರಹಕ್ಕೆ 8 ಬೈಟ್ ಕಳೆದರೆ 8972 ಉಳಿಯುತ್ತದೆ. ಪ್ಯಾಕೆಟ್ಟನ್ನು ತುಂಡರಿಸಬಾರದೆಂಬ ಗುರುತಿನೊಂದಿಗೆ ಅಷ್ಟು ದೊಡ್ಡ ಪಿಂಗ್ ಕಳಿಸಿದಾಗ ಮೊದಲ ಮೂರು ನೋಡ್‌ಗಳು ಉತ್ತರಿಸಿದವು, ನಾಲ್ಕನೆಯದು ಮೌನವಾಗಿತ್ತು. ಗಾತ್ರವನ್ನು ಇಳಿಸುತ್ತ ಬಂದೆ: 1473 ದಾಟಲಿಲ್ಲ, 1472 ದಾಟಿತು. ಆ ಒಂದು ಬೈಟಿನ ಅಂತರದಲ್ಲಿ ಎಲ್ಲವೂ ಸ್ಪಷ್ಟವಾಯಿತು. ಏಕೆಂದರೆ 1472ಕ್ಕೆ 28 ಕೂಡಿಸಿದರೆ ಈಥರ್‌ನೆಟ್‌ನ ಸಾಮಾನ್ಯ ಮಿತಿಯಾದ 1500 ಸಿಗುತ್ತದೆ.

ಸ್ವಿಚ್‌ನಲ್ಲಿ ಆ ಮಿತಿ ಮೀರುವ ಜಂಬೋ ಫ್ರೇಮ್‌ಗೆ ಅವಕಾಶ ಕೊಡುವಾಗ ನಾಲ್ಕನೆಯ ಪೋರ್ಟ್ ನನ್ನ ಕೈತಪ್ಪಿತ್ತು. ದಾರಿಯಲ್ಲಿ ರೌಟರ್ ಇದ್ದಿದ್ದರೆ ಪ್ಯಾಕೆಟ್ ದೊಡ್ಡದಾಯಿತೆಂದು ಐಸಿಎಂಪಿ ಮೂಲಕ ತಿಳಿಸಬಹುದಿತ್ತು. ಐಪಿಗಿಂತ ಕೆಳಗಿನ ಎರಡನೆಯ ಪದರದಲ್ಲಿ ಕೆಲಸ ಮಾಡುವ ಸ್ವಿಚ್ ಹಾಗೆ ಮಾಡುವುದಿಲ್ಲ, ಮಿತಿ ಮೀರಿದ ಫ್ರೇಮನ್ನು ಸದ್ದಿಲ್ಲದೆ ಎಸೆಯುತ್ತದೆ. ಅದರ ಲೆಕ್ಕ ಆ ಪೋರ್ಟಿನ ಕೌಂಟರ್‌ನಲ್ಲಿತ್ತು. ಬೆಳಿಗ್ಗೆಯೇ ಅಲ್ಲಿ ನೋಡಬೇಕಿತ್ತು.

ಪೋರ್ಟ್ ಸರಿಪಡಿಸಿ, ಸಂರಚನೆಯನ್ನು ಉಳಿಸಿ, ಸ್ವಿಚ್ಚನ್ನು ಒಮ್ಮೆ ಆರಿಸಿ ಹೊತ್ತಿಸಿದ ಮೇಲೆ ಪ್ರತಿ ನೋಡ್‌ನಿಂದ ಉಳಿದ ಮೂರಕ್ಕೂ, ಒಟ್ಟು 12 ದಿಕ್ಕುಗಳಲ್ಲಿ, 8972 ಬೈಟ್‌ಗಳ ಪಿಂಗ್ ಕಳಿಸಿ ನೋಡಿದೆ. ಎಲ್ಲಕ್ಕೂ ಉತ್ತರ ಬಂದಿತು. ನಾಳೆ ಇದರ ಮೇಲೆ ವಿಎಕ್ಸ್‌ಲ್ಯಾನ್ ಎಂಬ ವರ್ಚುವಲ್ ಜಾಲ ಕೂರಿಸಬೇಕಿದೆ. ಅದು ಪ್ರತಿ ಪ್ಯಾಕೆಟ್ಟಿಗೂ 50 ಬೈಟ್ ಸೇರಿಸುವುದರಿಂದ, ಕಂಟೇನರ್‌ಗಳಿಗೆ (ಪ್ರತ್ಯೇಕ ಆವರಣದಲ್ಲಿ ಓಡುವ ತಂತ್ರಾಂಶಗಳು) ಎಂಟಿಯು 8950 ಎಂದು ಈಗಲೇ ಬರೆದಿಟ್ಟಿದ್ದೇನೆ.