ಪಿಟೀಲುಗಳ ನಡುವೆ ಜಾಝ್

ಈ ಮಳೆಗಾಲದಲ್ಲಿ ಕುಂಬಳೆಯ ಮನೆಯಲ್ಲಿ ಕೂತು ನಾನು ಜಾಸ್ತಿ ಕೇಳಿದ್ದು ಜಾಝ್ ಪಿಯಾನೊ ವಾದಕ ವಿಜಯ್ ಅಯ್ಯರ್ ಅವರ 2014ರ ಆಲ್ಬಮ್ ‘ಮ್ಯುಟೇಶನ್ಸ್’. ಪಿಯಾನೊ, ಎರಡು ವಯಲಿನ್, ವಿಯೋಲಾ, ಚೆಲ್ಲೊ, ಒಂದಿಷ್ಟು ಎಲೆಕ್ಟ್ರಾನಿಕ್ ಸದ್ದು. ಡ್ರಮ್ಸ್ ಇಲ್ಲ. ಜಾಝ್ ಅಂದ್ರೆ ಸ್ಯಾಕ್ಸೊಫೋನ್ ಅಂದುಕೊಂಡವರಿಗೆ ವಿಚಿತ್ರ ಅನಿಸುತ್ತದೆ, ಅಲ್ವಾ?

ಜಾಝ್ ಮತ್ತು ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ಬೆರಕೆ ಹೊಸದೇನಲ್ಲ. 1957ರಲ್ಲೇ ಅಮೆರಿಕದ ಸಂಗೀತ ರಚನೆಕಾರ ಗುಂಥರ್ ಶುಲ್ಲರ್ ಇದಕ್ಕೆ ‘ಥರ್ಡ್ ಸ್ಟ್ರೀಮ್’ (ಮೂರನೇ ಧಾರೆ) ಅಂತ ಹೆಸರಿಟ್ಟಿದ್ದರು. ಎರಡೂ ಕಡೆಯವರು ಮೂಗು ಮುರಿದರು.

ನನಗೆ ಇದು ಹಿಡಿಸಿದ್ದು ತಾಳಮದ್ದಳೆ ಕೇಳಿ ಬೆಳೆದದ್ದರಿಂದ ಇರಬೇಕು. ಭಾಗವತರು ಹಾಡುವ ಪದ ಮೊದಲೇ ಬರೆದಿಟ್ಟದ್ದು, ಆದರೆ ಅರ್ಥಧಾರಿಯ ಮಾತು ಆ ಕ್ಷಣದ್ದು, ಎದುರಿನವರ ಪ್ರಶ್ನೆ ಕೇಳಿಸಿಕೊಂಡೇ ಉತ್ತರ ಹುಟ್ಟಬೇಕು. ಇಲ್ಲೂ ಹಾಗೇ, ನುಡಿಸುವವರ ಮುಂದೆ ಬರೆದಿಟ್ಟ ಸ್ವರ ಇರುತ್ತದೆ, ನಡುನಡುವೆ ಸ್ವಂತದ್ದನ್ನು ನುಡಿಸಲು ಜಾಗವೂ ಇರುತ್ತದೆ.

ಜಾಝ್ ರಚನೆಕಾರ್ತಿ ಮರಿಯಾ ಶ್ನೈಡರ್ ದಾರಿಯೇ ಬೇರೆ. 2013ರ ‘ವಿಂಟರ್ ಮಾರ್ನಿಂಗ್ ವಾಕ್ಸ್’ನಲ್ಲಿ ಶಾಸ್ತ್ರೀಯ ಗಾಯಕಿ ಡಾನ್ ಅಪ್‌ಶಾ ಹಾಡುತ್ತಾರೆ, ಹಿಂದೆ ಚೇಂಬರ್ ಆರ್ಕೆಸ್ಟ್ರಾ (ಚಿಕ್ಕ ವಾದ್ಯವೃಂದ), ಜೊತೆಗೆ ಮೂವರು ಜಾಝ್ ಕಲಾವಿದರು. ಚೆಂದವೇ. ನನಗೆ ಸ್ವಲ್ಪ ನುಣುಪು ಜಾಸ್ತಿಯಾಯ್ತು.

ಸ್ಯಾಕ್ಸೊಫೋನ್ ವಾದಕ ವೇಯ್ನ್ ಶಾರ್ಟರ್ 85ನೇ ವಯಸ್ಸಿನಲ್ಲಿ ಹೊರತಂದ ‘ಎಮನಾನ್’ (2018) ಹಾಗಲ್ಲ. ಜೊತೆಗಿರುವುದು ಆರ್ಫಿಯಸ್ ಚೇಂಬರ್ ಆರ್ಕೆಸ್ಟ್ರಾ, ಕಂಡಕ್ಟರ್ ಇಲ್ಲದೆ ನುಡಿಸುವುದಕ್ಕೇ ಹೆಸರಾದ ತಂಡ. ಬ್ರಯನ್ ಬ್ಲೇಡ್ ಡ್ರಮ್ಸ್ ಮೇಲೆ ಮುಗಿಬಿದ್ದಾಗಲೂ ಪಿಟೀಲುಗಳು ಹೆದರಿ ಹಿಂದೆ ಸರಿಯುವುದಿಲ್ಲ. ಮೊದಲು ಇದನ್ನೇ ಕೇಳಿ, ಇಯರ್‌ಫೋನ್ ಹಾಕಿಕೊಂಡು.