ಹದಿಹರೆಯದವರ ಜಾಜ್ ಜ್ಯಾಮ್: ಮೂರನೇ ಹಂತದ ಟಿಪ್ಪಣಿ

ಹದಿನಾಲ್ಕರಿಂದ ಹತ್ತೊಂಬತ್ತು ವಯಸ್ಸಿನ ಮಕ್ಕಳು ತಮ್ಮ ಕೈಯಲ್ಲಿರುವ ವಾದ್ಯವನ್ನೇ ಹಿಡಿದು ತಿಂಗಳಿಗೊಂದು ಭಾನುವಾರ ಜಾಜ್ ನುಡಿಸಬೇಕು, ಎದುರಿಗೆ ಕೂರುವವರಲ್ಲೂ ಅರ್ಧಕ್ಕರ್ಧ ಅದೇ ವಯಸ್ಸಿನವರಿರಬೇಕು. ಯೋಜನೆ ಇಷ್ಟೇ. ಜಾಗ ದಕ್ಷಿಣ ಬೆಂಗಳೂರಿನ ಒಂದು ಅರವತ್ತು ಕುರ್ಚಿಯ ಸಭಾಂಗಣ. ಜಾಗ, ವಾದ್ಯಗಳ ವ್ಯವಸ್ಥೆ ಹಿಂದಿನ ಹಂತಗಳಲ್ಲಿ ಮುಗಿದಿದೆ. ಈ ಸಲ ಏನು ನುಡಿಸಬೇಕು, ಲಯ ಹೇಗೆ ಕೂಡಿಸಬೇಕು, ಸದ್ದು ಹೇಗೆ ಹದಕ್ಕೆ ತರಬೇಕು ಎಂಬುದರ ಕೆಲಸ.

ಜಾಗದ ಬಗ್ಗೆ ಒಂದು ಮಾತು ಹೇಳಿಯೇ ಮುಂದೆ ಹೋಗಬೇಕು. ಈಗಿನ ಹುಡುಗರು ಜಾಜ್ ಕೇಳುವುದಿಲ್ಲ ಎಂದು ಗೊಣಗುವವರು ಮೊದಲು ಬಾಗಿಲು ನೋಡಲಿ. ನಗರದ ಲೈವ್ ಜಾಜ್ ಬಹುಪಾಲು ಮದ್ಯ ಕೊಡುವ ಜಾಗಗಳಲ್ಲಿ, ರಾತ್ರಿ ಊಟದ ಹೊತ್ತಿಗೆ ನಡೆಯುತ್ತದೆ. ಹದಿನಾರರ ಹುಡುಗಿ ಅಲ್ಲಿಗೆ ಹೋಗುವುದಾದರೂ ಹೇಗೆ? ನ್ಯೂ ಆರ್ಲಿಯನ್ಸ್‌ನ ಪ್ರಿಸರ್ವೇಶನ್ ಹಾಲ್ 1961ರಿಂದ ಇದಕ್ಕೆ ಉತ್ತರ ಕೊಡುತ್ತಲೇ ಇದೆ: ಮದ್ಯವಿಲ್ಲ, ಎಲ್ಲ ವಯಸ್ಸಿನವರಿಗೂ ಪ್ರವೇಶ, ಕೂರಲು ಬೆಂಚು ಇಲ್ಲವೇ ನೆಲ, ಗಂಟೆಗೂ ಕಡಿಮೆ ಕಾರ್ಯಕ್ರಮ. ನಮ್ಮ ಸಮಯ ಸಂಜೆ ನಾಲ್ಕರಿಂದ ಆರೂವರೆ. ಮೊದಲ ಐವತ್ತು ನಿಮಿಷ ಅಭ್ಯಾಸ, ಆಮೇಲೆ ಚಹಾ, ಉಳಿದದ್ದು ಜ್ಯಾಮ್, ಅಂದರೆ ಎಲ್ಲರೂ ಸೇರಿ ಸ್ಥಳದಲ್ಲೇ ಹೊಂದಿಸಿಕೊಂಡು ನುಡಿಸುವುದು. ಭಾಷಣಕ್ಕೆ ಜಾಗವಿಲ್ಲ. ಜಾಜ್ ಇತಿಹಾಸದ ಪರಿಚಯ ಎಂದು ಪರದೆ ಇಳಿಸಿದರೆ ಹಿಂದಿನ ಸಾಲಿನವರು ಫೋನ್ ತೆಗೆಯುತ್ತಾರೆ, ಅದು ಅವರ ತಪ್ಪಲ್ಲ.

ಅದೇ ಊರಿನ ಇನ್ನೊಂದು ಪಾಠ ಇನ್ನೂ ಹೆಚ್ಚು ಕೆಲಸಕ್ಕೆ ಬಂದಿದೆ. 1970ರ ದಶಕದ ಆರಂಭದಲ್ಲಿ ಬ್ಯಾಂಜೊ ವಾದಕ ಡ್ಯಾನಿ ಬಾರ್ಕರ್ ಫೇರ್‌ವ್ಯೂ ಬ್ಯಾಪ್ಟಿಸ್ಟ್ ಚರ್ಚಿನ ಆಸರೆಯಲ್ಲಿ ಮಕ್ಕಳ ಬ್ರಾಸ್ ಬ್ಯಾಂಡ್ ಕಟ್ಟಿದರು. ಅವರು ಮಕ್ಕಳನ್ನು ತರಗತಿಯಲ್ಲಿ ಕೂರಿಸಲಿಲ್ಲ, ಬೀದಿಗೆ ಇಳಿಸಿದರು. ಮುಂದೆ ಹೆಸರಾದ ಜಾಜ್ ವಾದಕರು ಲೆರಾಯ್ ಜೋನ್ಸ್, ವಿಂಟನ್ ಮತ್ತು ಬ್ರ್ಯಾನ್‌ಫರ್ಡ್ ಮಾರ್ಸಾಲಿಸ್ ಅಲ್ಲಿಂದ ಹಾದು ಬಂದವರು. ಮಕ್ಕಳ ಕೈಗೆ ಮೊದಲ ಹತ್ತು ನಿಮಿಷದಲ್ಲೇ ಕೆಲಸ ಕೊಡಬೇಕು ಎಂಬ ನಮ್ಮ ನಿಯಮದ ಮೂಲ ಇದೇ. ನ್ಯೂಯಾರ್ಕಿನ ಜಾಜ್ ಅಟ್ ಲಿಂಕನ್ ಸೆಂಟರ್ 1990ರ ದಶಕದಿಂದ ಶಾಲಾ ಬ್ಯಾಂಡ್‌ಗಳಿಗೆ ಡ್ಯೂಕ್ ಎಲಿಂಗ್ಟನ್ ಕೃತಿಗಳ ಸ್ವರಲಿಪಿ ಹಂಚುತ್ತಿದೆ. ಅದು ಒಳ್ಳೆಯ ಕೆಲಸವೇ. ಆದರೆ ಆ ಲಿಪಿಗೆ ಐದು ಸ್ಯಾಕ್ಸೊಫೋನ್, ನಾಲ್ಕು ಟ್ರಂಪೆಟ್, ಮೂರು ಟ್ರೊಂಬೋನ್ ಬೇಕು. ನಮ್ಮಲ್ಲಿ ಟ್ರೊಂಬೋನ್ ಹುಡುಕುವ ಹೊತ್ತಿಗೆ ಮಕ್ಕಳು ಪಿಯುಸಿ ಮುಗಿಸಿರುತ್ತಾರೆ.

ನಮ್ಮಲ್ಲಿ ಇರುವುದೇನು? ಮೃದಂಗ, ಪಿಟೀಲು, ಕೀಬೋರ್ಡ್, ಗಿಟಾರ್, ಮತ್ತು ದಕ್ಷಿಣ ಕನ್ನಡ, ಉಡುಪಿ ಕಡೆಯಿಂದ ಓದಲು ಬಂದ ಮಕ್ಕಳ ಆಲ್ಟೊ ಸ್ಯಾಕ್ಸೊಫೋನ್. ಕರಾವಳಿಯ ದೇವಸ್ಥಾನ, ಮದುವೆಮನೆಗಳಲ್ಲಿ ಸ್ಯಾಕ್ಸೊಫೋನ್ ಇಷ್ಟು ಸಹಜವಾಗಿರುವುದಕ್ಕೆ ಕದ್ರಿ ಗೋಪಾಲನಾಥರೇ ಕಾರಣ. ಮೈಸೂರು ಅರಮನೆ ಬ್ಯಾಂಡಿನಲ್ಲಿ ಅದನ್ನು ಕೇಳಿ ಹಿಡಿದವರು ಅವರು, 1980ರ ಮುಂಬೈ ಜಾಜ್ ಉತ್ಸವದಲ್ಲಿ ಅಮೆರಿಕದ ಸ್ಯಾಕ್ಸೊಫೋನ್ ವಾದಕ ಜಾನ್ ಹ್ಯಾಂಡಿ ಜೊತೆ ವೇದಿಕೆ ಏರಿದವರು. ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಶನ್ ತಂಡ ಅಮೆರಿಕದ ಇನ್ನೊಬ್ಬ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮಾರಿಯಾನೊ ಜೊತೆ ಧ್ವನಿಮುದ್ರಿಸಿದ ‘ಜ್ಯೋತಿ’ 1983ರಲ್ಲಿ ಹೊರಬಂತು. ದಾರಿ ಹೊಸದಲ್ಲ, ಮಕ್ಕಳಿಗೆ ಯಾರೂ ತೋರಿಸಿಲ್ಲ ಅಷ್ಟೆ.

ಆರು ಆವರ್ತದ ಬ್ಲೂಸ್

ಮೊದಲ ಕೃತಿ ಎಲಿಂಗ್ಟನ್‌ರ ‘ಸಿ ಜ್ಯಾಮ್ ಬ್ಲೂಸ್’. ಇದರ ಇಡೀ ಧಾಟಿ ಎರಡೇ ಸ್ವರದ್ದು, ಜಿ ಮತ್ತು ಸಿ. ಸಿ ಷಡ್ಜವಾದರೆ ಪಂಚಮ ಮತ್ತು ಮೇಲಿನ ಷಡ್ಜ. ಹತ್ತು ನಿಮಿಷದಲ್ಲಿ ಯಾರಿಗೂ ಬರುತ್ತದೆ.

ತೊಂದರೆ ಧಾಟಿಯಲ್ಲಿಲ್ಲ, ಹನ್ನೆರಡು ಬಾರ್ (ನಾಲ್ಕು ಎಣಿಕೆಯ ತುಂಡು) ಎಣಿಸುವುದರಲ್ಲಿದೆ. ಮಕ್ಕಳು ಏಳನೇ ಬಾರ್ ಹೊತ್ತಿಗೆ ಕಳೆದುಹೋಗುತ್ತಾರೆ. ಹನ್ನೆರಡು ಬಾರ್ ಎಂದರೆ 48 ಎಣಿಕೆ, ಅಂದರೆ ಎಂಟೆಣಿಕೆಯ ಆದಿತಾಳದ ಸರಿಯಾಗಿ ಆರು ಆವರ್ತ. ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗುಚ್ಛ) ಬದಲಾಗುವ ಜಾಗಗಳೂ ಒಂದನ್ನು ಬಿಟ್ಟರೆ ಆವರ್ತದ ಅಂಚಿಗೇ ಬೀಳುತ್ತವೆ. ನಾವು ಹಿಡಿದಿರುವ ಸರಳ ರೂಪದಲ್ಲಿ ಒಂದು, ಎರಡನೇ ಆವರ್ತ ಸಿ7, ಮೂರನೆಯದು ಎಫ್7, ನಾಲ್ಕು ಮತ್ತೆ ಸಿ7, ಐದರಲ್ಲಿ ಅರ್ಧ ಜಿ7 ಅರ್ಧ ಎಫ್7, ಆರು ಸಿ7. ತಾಳ ಹಾಕಿ ಬೆಳೆದ ಮಗುವಿಗೆ ಹೀಗೆ ಹೇಳಿದರೆ ಮುಗಿಯಿತು. ಗಿಟಾರ್ ಮಾತ್ರ ಕಲಿತವರಿಗಾಗಿ ಒಂದರಿಂದ ಆರರವರೆಗೆ ದೊಡ್ಡ ಅಂಕಿ ಬರೆದ ರಟ್ಟುಗಳಿವೆ. ಸ್ಟ್ಯಾಂಡಿನ ಪಕ್ಕ ಕೂತವರು ಆವರ್ತಕ್ಕೊಂದು ತಿರುವುತ್ತಾರೆ. ಈ ತಿರುವುವ ಕೆಲಸವನ್ನು ಕೇಳಲು ಬಂದ ಮಕ್ಕಳಿಗೇ ಕೊಡುತ್ತೇವೆ. ಎರಡು ಸಲ ತಿರುವಿದವರು ಮೂರನೇ ಸಲ ರಟ್ಟು ನೋಡುವುದಿಲ್ಲ.

ಬಾಸ್ ಇಲ್ಲದೆ ಜ್ಯಾಮ್ ಶುರು ಮಾಡಬೇಡಿ. ಬಾಸ್ ಗಿಟಾರ್ ಇಲ್ಲದಿದ್ದರೆ ಕೀಬೋರ್ಡಿನ ಎಡಗೈ ಸಾಕು. ಬಾರಿಗೆ ನಾಲ್ಕು ಸ್ವರ: ಸಿ7ಕ್ಕೆ ಸಿ, ಇ, ಜಿ, ಎ; ಎಫ್7ಕ್ಕೆ ಎಫ್, ಎ, ಸಿ, ಡಿ; ಜಿ7ಕ್ಕೆ ಜಿ, ಬಿ, ಡಿ, ಇ. ಮೂರರಲ್ಲೂ ಅದು ಸ, ಅಂತರ ಗಾಂಧಾರ, ಪ, ಚತುಶ್ರುತಿ ಧೈವತವೇ. ಷಡ್ಜ ಮಾತ್ರ ಜಾಗ ಬದಲಿಸುತ್ತದೆ.

ಸೋಲೊದಲ್ಲಿ (ಒಬ್ಬೊಬ್ಬರೇ ನುಡಿಸುವ ಸರದಿಯಲ್ಲಿ) ಆರಂಭಕ್ಕೆ ಧಾಟಿಯ ಆ ಎರಡು ಸ್ವರ ಮಾತ್ರ. ಲಯದಲ್ಲಿ ಆಟ ಬಂದ ಮೇಲೆ ಶುದ್ಧ ಧನ್ಯಾಸಿ: ಸ, ಸಾಧಾರಣ ಗಾಂಧಾರ, ಮ, ಪ, ಕೈಶಿಕಿ ನಿಷಾದ. ಪಾಶ್ಚಾತ್ಯರ ಮೈನರ್ ಪೆಂಟಟಾನಿಕ್ ಇದೇ, ಮೂರೂ ಕಾರ್ಡಿನ ಮೇಲೆ ಕೂರುತ್ತದೆ. ಅಪಾಯ ಒಂದೇ: ಪಿಟೀಲಿನವರು ಇದನ್ನು ಕಂಡೊಡನೆ ಆಲಾಪನೆಗೆ ಇಳಿಯುತ್ತಾರೆ, ಉಸಿರೇ ಬಿಡುವುದಿಲ್ಲ. ಮದ್ದು ಎಂದರೆ ಒಂದು ಬಾರ್ ನುಡಿಸಿ ಒಂದು ಬಾರ್ ಸುಮ್ಮನಿರುವುದು. ಆ ಖಾಲಿ ಬಾರಿನಲ್ಲಿ ಕೀಬೋರ್ಡ್ ಉತ್ತರ ಕೊಡುತ್ತದೆ.

ಒಬ್ಬರಿಗೆ ಎರಡೇ ಸುತ್ತು. ನಿಮಿಷಕ್ಕೆ 120 ಎಣಿಕೆಯ ಕಾಲದಲ್ಲಿ ಒಂದು ಸುತ್ತು 24 ಸೆಕೆಂಡು, ಎರಡಕ್ಕೆ 48. ಹತ್ತು ಮಕ್ಕಳಿಗೆ ಎಂಟು ನಿಮಿಷ, ಹಿಂದೆ ಮುಂದೆ ಧಾಟಿ ಎರಡೆರಡು ಸಲ ಸೇರಿ ಹತ್ತು ನಿಮಿಷದೊಳಗೆ ಕೃತಿ ಮುಗಿಯುತ್ತದೆ. ಚೆನ್ನಾಗಿ ನುಡಿಸುತ್ತಾನೆ ಎಂದು ಒಬ್ಬನಿಗೆ ಆರು ಸುತ್ತು ಬಿಟ್ಟರೆ ಸಾಲಿನ ಕೊನೆಯವಳು ಮುಂದಿನ ತಿಂಗಳು ಬರುವುದಿಲ್ಲ.

ಸ್ವಿಂಗ್

ಒಂದು ಎಣಿಕೆಯನ್ನು ಎರಡಾಗಿ ಒಡೆದ ಸ್ವರಗಳನ್ನು ಉದ್ದ-ಗಿಡ್ಡವಾಗಿ ನುಡಿಸುವುದೇ ಸ್ವಿಂಗ್; ಅದನ್ನು ಹೇಳಿಕೊಡಲು ತಿಶ್ರ ನಡೆ (ಎಣಿಕೆಗೆ ಮೂರು) ಸಾಕು. ತಕಿಟದಲ್ಲಿ ‘ಕಿ’ ನುಂಗಿ ‘ತ – ಟ’ ಎಂದು ಕೊನ್ನಕ್ಕೋಲಿನಲ್ಲಿ (ಬಾಯಲ್ಲೇ ಲಯದ ಸೊಲ್ಲುಗಳಾಗಿ) ಹೇಳಿಸಿದರೆ ಅದೇ ಬರುತ್ತದೆ, ಕಾಲ ಏರಿದ ಹಾಗೆ ಅಂತರ ಸ್ವಲ್ಪ ಸಮವಾಗಬೇಕು. ಕಷ್ಟವಾಗುವುದು ಒತ್ತು. ತಾಳ ಹಾಕಿ ರೂಢಿಯಾದ ಕೈ ಸಮಕ್ಕೆ, ಅಂದರೆ ಆವರ್ತದ ಮೊದಲ ಎಣಿಕೆಗೆ ಬಡಿಯುತ್ತದೆ, ಜಾಜ್‌ನ ಚಪ್ಪಾಳೆ ಎರಡು ಮತ್ತು ನಾಲ್ಕಕ್ಕೆ. ಮೆಟ್ರೊನೋಮ್ 60ಕ್ಕೆ ಇಟ್ಟು, ಅದರ ಟಿಕ್ಕನ್ನು ಎರಡು ಮತ್ತು ನಾಲ್ಕು ಎಂದು ಭಾವಿಸಿ 120ರಲ್ಲಿ ನುಡಿಸುವುದು ಮನೆಪಾಠ. ಮೊದಲ ದಿನ ಎಲ್ಲರೂ ಜಾರಿ ಒಂದು, ಮೂರಕ್ಕೆ ಹೋಗುತ್ತಾರೆ. ಜಾರಿದಾಗ ನಿಲ್ಲಿಸಿ, ಮತ್ತೆ ಎಣಿಸಿ, ಮತ್ತೆ ಹಿಡಿಯುವುದು ಬಿಟ್ಟರೆ ಬೇರೆ ಉಪಾಯವಿಲ್ಲ.

ಮನೆಯಲ್ಲಿ ಹಿನ್ನೆಲೆ ವಾದ್ಯ ನುಡಿಸುವ ಐರಿಯಲ್ ಪ್ರೋ ಥರದ ಆಪ್ ಹಾಕಿಕೊಂಡೇ ಅಭ್ಯಾಸ ಮಾಡುವವರಿಗೆ ಬೇರೆ ಕಾಯಿಲೆ: ಆಪ್ ಎಂದೂ ಕಾಲ ತಪ್ಪುವುದಿಲ್ಲ, ಹಾಗಾಗಿ ಇವರು ಯಾರನ್ನೂ ಕೇಳಿಸಿಕೊಳ್ಳುವುದಿಲ್ಲ. ಅದರಲ್ಲಿ ಪಿಯಾನೊ, ಡ್ರಮ್ ಎರಡನ್ನೂ ಬಂದ್ ಮಾಡಿ ಬಾಸ್ ಒಂದನ್ನೇ ಉಳಿಸಿಕೊಳ್ಳಿ.

ನಾಲ್ಕು ನಾಲ್ಕು ಬಾರ್ ಹಂಚಿಕೊಂಡು ಡ್ರಮ್ ಜೊತೆ ಸವಾಲು ಜವಾಬು ನಡೆಸುವುದು ತನಿ ಆವರ್ತನ (ಕಛೇರಿಯಲ್ಲಿ ತಾಳವಾದ್ಯಗಳದೇ ಸರದಿ) ಕೇಳಿದವರಿಗೆ ಹೊಸದೇನಲ್ಲ, ತಲಾ ಎರಡೆರಡು ಆವರ್ತ. ಮೃದಂಗದವರು ಮುಕ್ತಾಯ ಹಾಕಿ ಸಮಕ್ಕೆ ಬಂದಾಗ ಸಭೆ ತಾನಾಗಿ ಚಪ್ಪಾಳೆ ತಟ್ಟುತ್ತದೆ. ಇಡೀ ಸಂಜೆಯಲ್ಲಿ ಫೋನ್‌ಗಳು ಕೆಳಗಿಳಿಯುವ ಜಾಗ ಅದು.

ಖರಹರಪ್ರಿಯ ಮತ್ತು ಜಾರುವ ಷಡ್ಜ

ಎರಡನೇ ಕೃತಿ ಮೈಲ್ಸ್ ಡೇವಿಸ್‌ರ 1959ರ ‘ಸೋ ವಾಟ್’. ಡಿ ಡೋರಿಯನ್ ಎಂದರೆ ಡಿ ಷಡ್ಜದ ಖರಹರಪ್ರಿಯ. 32 ಬಾರ್, ಅಂದರೆ 16 ಆವರ್ತ. ಒಂಬತ್ತರಿಂದ ಹನ್ನೆರಡನೇ ಆವರ್ತದವರೆಗೆ ಇಡೀ ಮೇಳ (ಸ್ವರಶ್ರೇಣಿ) ಅರ್ಧ ಸ್ವರ ಮೇಲೇರಿ ಇ ಫ್ಲಾಟ್‌ಗೆ ಹೋಗುತ್ತದೆ, ಹದಿಮೂರಕ್ಕೆ ವಾಪಸ್. ಅದೇ ಸ್ವರಗಳಲ್ಲಿ ಇನ್ನೊಂದನ್ನು ಷಡ್ಜ ಮಾಡುವ ಗ್ರಹಭೇದವಲ್ಲ ಇದು, ಷಡ್ಜವೇ ಎದ್ದು ನಡೆಯುತ್ತದೆ. ಒಂದೇ ಶ್ರುತಿಗೆ ಕಿವಿ ಕಟ್ಟಿಕೊಂಡ ಮಕ್ಕಳು ಇಲ್ಲಿ ನಿಜಕ್ಕೂ ಬೆವರುತ್ತಾರೆ. ತಂಬೂರಿ ಆಪ್ ಹಾಕಿರುವವರು ಅದನ್ನು ಮೊದಲೇ ನಿಲ್ಲಿಸಬೇಕು. ಸಿಗೆ ಕೂಡಿಸಿದ ಮೃದಂಗದ ಮೀಟು ಇಲ್ಲಿ ಸೇರುವುದಿಲ್ಲವಾದ್ದರಿಂದ ಆ ವಿದ್ಯಾರ್ಥಿಗಳು ಖಂಜಿರ ಹಿಡಿಯುತ್ತಾರೆ.

ಗಮಕದ (ಸ್ವರವನ್ನು ತೂಗಿಸುವುದರ) ಜಗಳವೂ ಇದೆ. ಖರಹರಪ್ರಿಯದ ಗಾಂಧಾರ ತೂಗುತ್ತದೆ; ಕೀಬೋರ್ಡ್ ಅದೇ ಎಫ್ ಅನ್ನು ಗಟ್ಟಿಯಾಗಿ ಒತ್ತಿ ಹಿಡಿದರೆ ಪಿಟೀಲು ಅಪಶ್ರುತಿಯಂತೆ ಕೇಳಿಸುತ್ತದೆ. ಆ ಕೃತಿಯಲ್ಲೇ ಪಿಯಾನೊ ನುಡಿಸುವ ಎರಡು ಕಾರ್ಡುಗಳಲ್ಲಿ ಪರಿಹಾರವಿದೆ. ಮೊದಲನೆಯದು ಕೆಳಗಿನಿಂದ ಇ, ಎ, ಡಿ, ಜಿ, ಬಿ. ಅದರಲ್ಲಿ ಎಫ್ ಇಲ್ಲ. ಎರಡನೆಯದು ಡಿ, ಜಿ, ಸಿ, ಎಫ್, ಎ. ಸೋಲೊ ನಡೆಯುವಾಗ ಮೊದಲನೆಯದನ್ನೇ ಹಿಡಿದು, ಎರಡನೆಯದನ್ನು ಮುಟ್ಟಿ ಬಿಟ್ಟರೆ ಗಾಂಧಾರಕ್ಕೆ ಆಡಲು ಜಾಗ ಸಿಗುತ್ತದೆ.

ಸ್ಯಾಕ್ಸೊಫೋನಿನವರಿಗೆ ಬೇರೆ ಹಾಳೆ ಬೇಕೇ ಬೇಕು. ಆಲ್ಟೊದಲ್ಲಿ ಸಿ ಬೆರಳು ಹಾಕಿದರೆ ಹೊರಬರುವುದು ಇ ಫ್ಲಾಟ್. ಸ್ವರ ಹೇಳಿಕೊಂಡು ಕಲಿತವರಿಗೆ ಈ ಲೆಕ್ಕ ಗೊತ್ತಿರಬೇಕಾಗಿಯೇ ಇರಲಿಲ್ಲ. ಬ್ಲೂಸ್‌ಗೆ ಆಲ್ಟೊ ಎ ಇಂದ, ಟೆನರ್ ಸ್ಯಾಕ್ಸೊಫೋನ್ ಮತ್ತು ಟ್ರಂಪೆಟ್ ಡಿ ಇಂದ. ಎರಡನೇ ಕೃತಿಗೆ ಆಲ್ಟೊ ಬಿ ಇಂದ, ಟೆನರ್ ಇ ಇಂದ. ಪ್ರತಿ ಕೃತಿಯೂ ಸಿ, ಬಿ ಫ್ಲಾಟ್, ಇ ಫ್ಲಾಟ್ ಎಂದು ಮೂರು ಹಾಳೆ, ಮೂರು ಬಣ್ಣದ ಕಾಗದದಲ್ಲಿ.

ಸದ್ದು

12 ಇಂಚಿನ ಎರಡು ಆ್ಯಕ್ಟಿವ್ ಸ್ಪೀಕರ್, ಎಂಟು ಚಾನೆಲ್ ಮಿಕ್ಸರ್, ಒಂದು ಮಾನಿಟರ್ (ನುಡಿಸುವವರಿಗೇ ಕೇಳಿಸುವ ಸ್ಪೀಕರ್). ಮೃದಂಗಕ್ಕೆ ಎರಡು ಡೈನಮಿಕ್ ಮೈಕ್, ಹಾಡುವವರಿಗೆ ಒಂದು, ಕೀಬೋರ್ಡ್ ಮತ್ತು ಪಿಟೀಲಿನ ಪಿಕಪ್ ಡಿಐ ಬಾಕ್ಸ್ (ವಾದ್ಯದ ಸಂಕೇತವನ್ನು ಮಿಕ್ಸರಿಗೆ ಹೊಂದಿಸುವ ಪೆಟ್ಟಿಗೆ) ಮೂಲಕ. ಬಾಸ್‌ಗೆ ಅದರದೇ ಆ್ಯಂಪ್. ಸ್ಯಾಕ್ಸೊಫೋನಿಗೂ ಡ್ರಮ್ಮಿಗೂ ಮೈಕ್ ಇಲ್ಲ. ಬಾಡಿಗೆಯವರು ಡ್ರಮ್ ಮೈಕಿನ ಪೆಟ್ಟಿಗೆ ತಂದೇ ತರುತ್ತಾರೆ, ಅದನ್ನು ತೆರೆಯಲು ಬಿಡಬೇಡಿ.

ಡ್ರಮ್ ಬರುವುದು ರಾಕ್ ಕಲಿತ ಹುಡುಗರ ಕೈಗೆ. ಬ್ರಷ್ ಕೊಡಿ, ಬಾಸ್ ಡ್ರಮ್ಮಿನೊಳಗೆ ಕಂಬಳಿ ತುಂಬಿ, ಕಾಲಿನ ಕೆಲಸ ಹೈ-ಹ್ಯಾಟ್‌ನ ಎರಡು ಮತ್ತು ನಾಲ್ಕಕ್ಕೆ ಸೀಮಿತ ಎನ್ನಿ. ಊಳಿಡುವುದು (ಫೀಡ್‌ಬ್ಯಾಕ್) ಸಾಮಾನ್ಯವಾಗಿ ಮೃದಂಗದ ಎಡಗಡೆಯ ಮೈಕ್. ಮಾನಿಟರನ್ನು ಆ ಮೈಕಿನ ಬೆನ್ನ ಹಿಂದೆ ಇಟ್ಟು, ಮೈಕನ್ನು ಚರ್ಮದಿಂದ ಒಂದು ಗೇಣಿನೊಳಗೆ ತಂದು, ಉಳಿದ ಚಾನೆಲ್‌ಗಳಲ್ಲಿ 80 ಹರ್ಟ್ಸ್‌ಗಿಂತ ಕೆಳಗಿನದನ್ನು ಕತ್ತರಿಸಿದರೆ ಊಳು ನಿಲ್ಲುತ್ತದೆ. ವಸತಿ ಪ್ರದೇಶದ ಹಗಲಿನ ಮಿತಿ 55 ಡೆಸಿಬಲ್. ಕಿಟಕಿ ಮುಚ್ಚದಿದ್ದರೆ ಒಂದು ಸ್ನೇರ್ ಡ್ರಮ್ಮೇ ಅದನ್ನು ದಾಟಿಸುತ್ತದೆ.

ಟಿಕೆಟ್ ಇಟ್ಟಿಲ್ಲ. ಹವ್ಯಾಸಿ ಸಂಘ ಕೇಳುಗರಿಂದ ಹಣ ಪಡೆಯದೆ ನುಡಿಸುವುದಕ್ಕೆ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಮಿನಲ್ಲಿ ವಿನಾಯಿತಿ ಇದೆ. ಟಿಕೆಟ್ ಇಟ್ಟ ದಿನ ಸಂಗೀತ ರಚನೆಕಾರರ ಹಕ್ಕು ಸಂಘವಾದ ಐಪಿಆರ್‌ಎಸ್ ಪರವಾನಗಿ ಬೇಕು, ಯಾಕೆಂದರೆ ನಮ್ಮಲ್ಲಿ ಹಕ್ಕು ರಚನೆಕಾರ ತೀರಿಕೊಂಡ ಮೇಲೆ 60 ವರ್ಷ ಉಳಿಯುತ್ತದೆ, ಎಲಿಂಗ್ಟನ್ ತೀರಿಕೊಂಡಿದ್ದು 1974ರಲ್ಲಿ.

ಮುಂದಿನದು

ಮುಂದಿನ ಕೃತಿ ಡಬ್ಲ್ಯು. ಸಿ. ಹ್ಯಾಂಡಿಯವರ 1914ರ ‘ಸೇಂಟ್ ಲೂಯಿಸ್ ಬ್ಲೂಸ್’. ಅವರು ತೀರಿಕೊಂಡಿದ್ದು 1958ರಲ್ಲಿ, ಹಾಗಾಗಿ ಇಲ್ಲಿ ಹಕ್ಕಿನ ತಲೆನೋವಿಲ್ಲ. ಹನ್ನೆರಡು ಬಾರಿನ ಭಾಗಗಳ ನಡುವೆ ಹದಿನಾರು ಬಾರಿನ ಮೈನರ್ ಭಾಗವೊಂದಿದೆ, ಲಯ ಹಬನೇರ: ತಕಿಟ, ತ, ತಕ, ತಕ. ಎಂಟು ಆವರ್ತದ ಆ ಭಾಗಕ್ಕೆ ಬೇರೆ ಬಣ್ಣದ ಎಂಟು ರಟ್ಟು ಮಾಡಬೇಕು. ಕಾಲ ಎಣಿಸಿ ಶುರು ಮಾಡುವುದು, ಅಂಗೈಯಿಂದ ತಲೆ ತಟ್ಟಿ ಧಾಟಿಗೆ ಮರಳಲು ಹೇಳುವುದು, ಮುಷ್ಟಿ ಎತ್ತಿ ನಿಲ್ಲಿಸುವುದು, ಈ ಮೂರನ್ನೂ ಇನ್ನು ಮೇಲೆ ಮಕ್ಕಳಲ್ಲೊಬ್ಬರು ಸರದಿಯಂತೆ ಮಾಡುತ್ತಾರೆ. ದೊಡ್ಡವರಿಗೆ ಉಳಿದಿರುವುದು ಬಾಸ್ ಮತ್ತು ಕೇಬಲ್ ಸುತ್ತುವ ಕೆಲಸ.